ಬೆಟ್ಟದ ಮಕ್ಕಳ ಕೈಗೆ ಬಂದ ಕ್ಯಾಮೆರಾ



ಕೆಲವು ದಿನಗಳ ಹಿಂದೆ ಬಂಧುಗಳೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಪ್ರಸಾದಕ್ಕೆ ಪಂಕ್ತಿ ಹಾಕುವ ಮೊದಲು ಪರಿಚಯದ ತಾಯಿಯೊಬ್ಬರು ಪಕ್ಕಕ್ಕೆ ಕರೆದು ತಮ್ಮ ಅಳಲನ್ನು ತೋಡಿಕೊಂಡರು. "ಕಾಕಾ, ಹತ್ತನೇ ಇಯತ್ತೆ ಓದೋ ಹುಡುಗ. ದಿನಾ ಪೂರ್ತಿ ಮೊಬೈಲಿನ್ಯಾಗ ಫೋಟೋ ತೆಗೀತಾನ. ಗೋಡಿ, ನಾಯಿ, ಅಜ್ಜೀ ಕಾಲು, ಗಟಾರ, ಒಂದೂ ಬಿಡಂಗಿಲ್ಲ. ಇದರಿಂದ ಏನರ ಉಪಯೋಗ ಐತೇನ್ರಿ?" ಎಂದು ಕೇಳಿದರು. ಆ ಕ್ಷಣದಲ್ಲಿ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. "ನೋಡೋಣ ತಂಗಿ, ವಿಚಾರ ಮಾಡಿ ಹೇಳತೀನಿ" ಎಂದು ಹೇಳಿ ಪಂಕ್ತಿಯಲ್ಲಿ ಕುಳಿತೆ.

ಮನೆಗೆ ಮರಳಿದ ಮೇಲೆಯೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಗ ನೆನಪಿಗೆ ಬಂದುದು ದೂರದ ಅಮೆರಿಕದ ಒಂದು ಬೆಟ್ಟಸೀಮೆಯ ವೃತ್ತಾಂತ. ಗಣಿಯಿಂದ ನೆಲ ಹಾಳಾಗಿ, ಹಳ್ಳಕೊಳ್ಳಗಳು ಕೆಟ್ಟು, ನೆರೆಯಿಂದ ನೊಂದ ಆ ಸೀಮೆಯಲ್ಲಿ ಶಾಲೆಯ ಮಕ್ಕಳಿಗೆ ಛಾಯಾಗ್ರಹಣವನ್ನು ಕಲಿಸಿದರು. ಏಕೆ ಕಲಿಸಿದರು, ಹೇಗೆ ಕಲಿಸಿದರು, ಅದರಿಂದ ಆದುದೇನು ಎಂಬುದನ್ನು ತಿಳಿದುಕೊಂಡರೆ ಆ ತಾಯಿಗೆ ಮಾತ್ರವಲ್ಲದೆ ನಮ್ಮೆಲ್ಲರಿಗೂ ಒಂದು ಉತ್ತರ ದೊರೆತೀತು ಎಂಬ ಭಾವನೆಯಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಕಲ್ಲಿದ್ದಲ ನಾಡು

ಅಮೆರಿಕವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮುಗಿಲು ಮುಟ್ಟುವ ಕಟ್ಟಡಗಳು ಮತ್ತು ಸಿರಿವಂತಿಕೆ. ಆದರೆ ಆ ದೇಶದ ಪೂರ್ವಭಾಗದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹಬ್ಬಿರುವ ಅಪಲಾಚಿಯನ್ ಪರ್ವತಶ್ರೇಣಿಯ ಮಡಿಲಿನಲ್ಲಿ ತಲೆಮಾರುಗಳಿಂದ ಬಡತನವನ್ನೇ ಉಂಡ ಹಳ್ಳಿಗಳಿವೆ. ಕೆಂಟಕಿ ರಾಜ್ಯದ ಆಗ್ನೇಯ ಮೂಲೆಯಲ್ಲಿರುವ ಲೆಚರ್ ಕೌಂಟಿ ಅಂತಹದೊಂದು ಪ್ರದೇಶ. ವಿಸ್ತಾರದಲ್ಲಿ ನಮ್ಮ ಒಂದು ತಾಲ್ಲೂಕಿಗೆ ಹೋಲಿಸಬಹುದು. ವೈಟ್ಸ್‌ಬರ್ಗ್ ಎಂಬ ಸಣ್ಣ ಪಟ್ಟಣ ಅದರ ಕೇಂದ್ರ. ಕಡಿದಾದ ಬೆಟ್ಟಗಳು, ಬೆಟ್ಟಗಳ ನಡುವೆ ಇಕ್ಕಟ್ಟಾದ ಕಣಿವೆಗಳು, ಕಣಿವೆಯ ತಳದಲ್ಲಿ ಹಳ್ಳ, ಹಳ್ಳದ ದಂಡೆಯಲ್ಲಿ ಮನೆಗಳು. ಈ ಬೆಟ್ಟಗಳ ಒಡಲಲ್ಲಿ ಕಲ್ಲಿದ್ದಲು ಇದ್ದುದೇ ಆ ಜನರ ಅನ್ನವೂ ಆಯಿತು, ಸಂಕಟವೂ ಆಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹಾಗೂ ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಕಂಪನಿಗಳ ದಲ್ಲಾಳಿಗಳು ಈ ಕಣಿವೆಗಳಲ್ಲಿ ಸಂಚರಿಸಿ, ನೆಲದ ಅಡಿಯಲ್ಲಿರುವ ಖನಿಜದ ಹಕ್ಕನ್ನು ರೈತರಿಂದ ಬರೆಸಿಕೊಂಡರು. ಎಕರೆಗೆ ಅರ್ಧ ಡಾಲರಿನಷ್ಟು ಅಲ್ಪ ಮೊತ್ತಕ್ಕೂ ಜನ ಒಪ್ಪಿದರು. ಅಕ್ಷರ ಬಾರದವರು ಕಾಗದದ ಮೇಲೆ ಗುರುತು ಹಾಕಿಕೊಟ್ಟರು. ಭೂಮಿ ತಮ್ಮದೇ ಉಳಿಯುತ್ತದೆ, ಒಳಗಿನ ಕಲ್ಲಿದ್ದಲನ್ನು ಸುರಂಗ ತೋಡಿ ಒಯ್ಯುತ್ತಾರೆ ಎಂದೇ ಅವರು ಭಾವಿಸಿದ್ದರು. ಮುಂದೆ ದೈತ್ಯ ಯಂತ್ರಗಳು ಬಂದುವು. ಬೆಟ್ಟದ ಮೇಲ್ಮೈಯನ್ನೇ ಸುಲಿದು ಕಲ್ಲಿದ್ದಲನ್ನು ತೆಗೆಯುವ ತೆರೆದ ಗಣಿಗಾರಿಕೆ ಹಬ್ಬಿತು. ತಾತ ಹಾಕಿದ ಗುರುತಿನ ಬಲದಿಂದ, ಮೊಮ್ಮಗನ ಹೊಲ, ತೋಟ, ಕಾಡುಗಳನ್ನು ಅವನ ಒಪ್ಪಿಗೆಯಿಲ್ಲದೆಯೇ ಅಗೆಯಬಹುದೆಂದು ನ್ಯಾಯಾಲಯಗಳೂ ಹೇಳಿದವು. ಈ ಅನ್ಯಾಯಕ್ಕೆ ಕೆಂಟಕಿಯ ಮತದಾರರು ತಮ್ಮ ರಾಜ್ಯದ ಸಂವಿಧಾನವನ್ನು ತಿದ್ದುವ ಮೂಲಕ ತಡೆ ಹಾಕಿದ್ದು 1988ರಲ್ಲಿ.

ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿಹೋಗಿತ್ತು. ಮರಗಳು ಹೋದ ಇಳಿಜಾರಿನಲ್ಲಿ ಮಳೆಯ ನೀರು ಇಂಗದೆ ನೇರವಾಗಿ ಕಣಿವೆಗೆ ಧಾವಿಸುತ್ತದೆ. ಅಗೆದು ತಳ್ಳಿದ ಮಣ್ಣು, ಬಂಡೆಗಳು ಹಳ್ಳವನ್ನು ತುಂಬುತ್ತವೆ. ಬಾವಿಯ ನೀರು ಕೆಡುತ್ತದೆ. ಕಲ್ಲಿದ್ದಲನ್ನು ತೊಳೆದ ಕರಿಯ ಕೆಸರನ್ನು ಬೆಟ್ಟದ ಮೇಲೆ ಒಡ್ಡು ಕಟ್ಟಿ ನಿಲ್ಲಿಸುವ ಪದ್ಧತಿಯಂತೂ ತಲೆಯ ಮೇಲೆ ತೂಗುವ ಕತ್ತಿಯಂತಿದ್ದಿತು. 1972ರ ಫೆಬ್ರುವರಿ 26ರಂದು ನೆರೆಯ ವೆಸ್ಟ್ ವರ್ಜೀನಿಯ ರಾಜ್ಯದ ಬಫೆಲೊ ಕ್ರೀಕ್ ಎಂಬಲ್ಲಿ ಅಂತಹ ಒಡ್ಡು ಒಡೆದು 125 ಜನರು ಪ್ರಾಣ ಕಳೆದುಕೊಂಡರು. ಸಾವಿರಾರು ಜನ ಮನೆ ಕಳೆದುಕೊಂಡರು.

ಹೊರಗಿನಿಂದ ಬಂದ ಕ್ಯಾಮೆರಾ

ಇಂತಹ ಸೀಮೆಗೆ ಕ್ಯಾಮೆರಾ ಬಂದುದು ಹೊರಗಿನವರ ಹೆಗಲೇರಿ. ಅದು ಮಾಡಿದ ಉಪಕಾರವನ್ನು ಮರೆಯಲಾಗದು. 1965ರ ನವೆಂಬರಿನಲ್ಲಿ ಲೆಚರ್‌ಗೆ ಹೊಂದಿಕೊಂಡಿರುವ ನಾಟ್ ಕೌಂಟಿಯಲ್ಲಿ ಆಲಿ ಕೋಂಬ್ಸ್ ಎಂಬ ಅರುವತ್ತು ದಾಟಿದ ವಿಧವೆ, ತಮ್ಮ ಮನೆಯ ಮೇಲಿನ ಬೆಟ್ಟವನ್ನು ಅಗೆಯಲು ಬಂದ ಬುಲ್ಡೋಜರಿನ ಮುಂದೆ ಕುಳಿತುಬಿಟ್ಟರು. ಪೊಲೀಸರು ಆ ವೃದ್ಧೆಯನ್ನು ಕೈಕಾಲು ಹಿಡಿದು ಎತ್ತಿಕೊಂಡು ಹೋದರು. ಲೂಯಿವಿಲ್ ನಗರದ 'ಕೂರಿಯರ್ ಜರ್ನಲ್' ಪತ್ರಿಕೆಯ ಛಾಯಾಗ್ರಾಹಕ ಬಿಲ್ ಸ್ಟ್ರೋಡ್ ಆ ದೃಶ್ಯವನ್ನು ಸೆರೆಹಿಡಿದರು. ಆ ಚಿತ್ರ ನಾಡಿನ ಮನವನ್ನು ಕಲಕಿತು. ತೆರೆದ ಗಣಿಗಳ ವಿರುದ್ಧ ಆ ಪತ್ರಿಕೆ ನಡೆಸಿದ ಅಭಿಯಾನಕ್ಕೆ 1967ರಲ್ಲಿ ಪುಲಿಟ್ಜರ್ ಪ್ರಶಸ್ತಿ ಸಂದಿತು. ತೆರೆದ ಗಣಿಗಳನ್ನು ನಿಯಂತ್ರಿಸುವ ಕೇಂದ್ರ ಕಾನೂನು 1977ರಲ್ಲಿ ಜಾರಿಗೆ ಬಂದಿತು.

ಆದರೆ ಇದರ ಇನ್ನೊಂದು ಮುಖವೂ ಉಂಟು. 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಬಡತನದ ವಿರುದ್ಧ ಸಮರ ಸಾರಿ, ಕೆಂಟಕಿಯ ಈ ಬೆಟ್ಟಸೀಮೆಗೇ ಬಂದು ಬಡವರ ಮನೆಯ ಜಗಲಿಯ ಮೇಲೆ ಕುಳಿತರು. ಆ ಬಳಿಕ ಪತ್ರಿಕೆ, ದೂರದರ್ಶನ, ಚಲನಚಿತ್ರಗಳವರ ದಂಡೇ ಕಣಿವೆಗಳಿಗೆ ಇಳಿಯಿತು. ಹರಿದ ಬಟ್ಟೆಯ ಮಗು, ಮುರಿದ ಬಾಗಿಲು, ಮಸಿ ಮೆತ್ತಿದ ಮುಖ, ಇವೇ ಚಿತ್ರಗಳು ಮತ್ತೆ ಮತ್ತೆ ನಾಡಿನ ಮನೆಮನೆಯನ್ನು ತಲುಪಿದವು. ಚಿತ್ರದಲ್ಲಿದ್ದವರಿಗೆ ತಮ್ಮ ಬದುಕನ್ನು ಹೇಗೆ ತೋರಿಸಬೇಕೆಂದು ಹೇಳುವ ಅವಕಾಶ ಇರಲಿಲ್ಲ. ಆ ಅಂಗಳದಲ್ಲಿ ಅರಳಿದ್ದ ಹೂಗಿಡ, ಒಲೆಯ ಬಳಿ ಹಾಡು ಹೇಳುತ್ತಿದ್ದ ಅಜ್ಜಿ, ರಜೆಯ ದಿನ ತಂದೆ ಮಕ್ಕಳೊಡನೆ ಆಡುತ್ತಿದ್ದ ಆಟ ಯಾರ ಕಣ್ಣಿಗೂ ಬೀಳಲಿಲ್ಲ. ಸಹಾಯ ಬೇಕಿದ್ದವರೂ ತಮ್ಮ ಚಿತ್ರವನ್ನು ಕಂಡು ತಲೆ ತಗ್ಗಿಸುವಂತಾಯಿತು.

ಈ ಅವಮಾನದ ಕುದಿ ಎಂತಹ ಘೋರಕ್ಕೆ ದಾರಿಯಾಯಿತು ಎಂಬುದನ್ನು ಕೇಳಿರಿ. 1967ರ ಸೆಪ್ಟೆಂಬರಿನಲ್ಲಿ ಹ್ಯೂ ಓಕಾನರ್ ಎಂಬ ಕೆನಡಾದ ಚಿತ್ರನಿರ್ಮಾಪಕರು ತಮ್ಮ ತಂಡದೊಡನೆ ಲೆಚರ್ ಕೌಂಟಿಯ ಜೆರಮಾಯ ಎಂಬ ಊರಿಗೆ ಬಂದರು. ಗಣಿಯಿಂದ ಆಗತಾನೆ ಮರಳಿ ಬಾಡಿಗೆ ಮನೆಯ ಜಗಲಿಯಲ್ಲಿ ಮಗುವಿನೊಡನೆ ಕುಳಿತಿದ್ದ ಕಾರ್ಮಿಕನೊಬ್ಬನ ಒಪ್ಪಿಗೆ ಪಡೆದು ಚಿತ್ರೀಕರಿಸತೊಡಗಿದರು. ಆ ಮನೆಗಳ ಒಡೆಯ ಬಂದೂಕು ಹಿಡಿದು ಬಂದು, ತನ್ನ ಜಾಗ ಬಿಟ್ಟು ಹೊರಡಿರೆಂದು ಗದರಿದ. ತಂಡದವರು ಸಾಮಾನು ಹೊತ್ತು ಹೊರಟಿದ್ದಂತೆಯೇ ಗುಂಡು ಹಾರಿಸಿದ. ಓಕಾನರ್ ಅಲ್ಲಿಯೇ ಅಸುನೀಗಿದರು. ಕೊಲೆಗೆ ಸಮರ್ಥನೆಯೆಂಬುದಿಲ್ಲ. ಆದರೂ ಊರಿನ ಅನೇಕರ ಅನುಕಂಪ ಕೊಂದವನ ಕಡೆಗಿದ್ದಿತು. ಮೊದಲ ವಿಚಾರಣೆಯಲ್ಲಿ ಪಂಚರಲ್ಲಿ ಒಮ್ಮತ ಮೂಡಲಿಲ್ಲ. ಕೊನೆಗೆ ತಪ್ಪೊಪ್ಪಿಕೊಂಡ ಅವನಿಗೆ 10 ವರ್ಷಗಳ ಶಿಕ್ಷೆಯಾದರೂ ಸೆರೆಯಲ್ಲಿದ್ದುದು ಒಂದೇ ವರ್ಷ. ಆ ಸೀಮೆಯಲ್ಲೇ ಬೆಳೆದ ಎಲಿಜಬೆತ್ ಬ್ಯಾರೆಟ್ ಎಂಬ ಮಹಿಳೆ 2000ದಲ್ಲಿ ಈ ಘಟನೆಯ ಕುರಿತು ಸಾಕ್ಷ್ಯಚಿತ್ರ ನಿರ್ಮಿಸಿದರು. ಅದರ ಹೆಸರಿನ ಅರ್ಥ 'ಕ್ಯಾಮೆರಾ ಹಿಡಿದ ಅಪರಿಚಿತ' ಎಂದು. ಪರರ ದುಃಖದ ಚಿತ್ರ ತೆಗೆಯುವವನ ಹೊಣೆ ಏನು ಎಂಬ ಪ್ರಶ್ನೆಯನ್ನು ಅವರು ಎರಡೂ ಕಡೆಯವರ ನೋವನ್ನು ಅರಿತು ಕೇಳಿದರು.

ಮಕ್ಕಳ ಕೈಗೆ

ಕೊಲೆ ನಡೆದ ಎರಡು ವರ್ಷಗಳಿಗೆ, 1969ರಲ್ಲಿ, ಅದೇ ಕೌಂಟಿಯ ವೈಟ್ಸ್‌ಬರ್ಗ್‌ನಲ್ಲಿ ಸ್ಥಳೀಯ ತರುಣರಿಗೆ ಚಲನಚಿತ್ರ ತಯಾರಿಕೆ ಕಲಿಸುವ ಕಾರ್ಯಾಗಾರವೊಂದು ಆರಂಭವಾಯಿತು. ಬಡತನ ನಿವಾರಣೆಗೆಂದು ಸರಕಾರ ಕೊಟ್ಟ ಹಣದಿಂದ ಹುಟ್ಟಿದ ಈ ಸಂಸ್ಥೆ ಮುಂದೆ 'ಅಪಲ್‌ಶಾಪ್' ಎಂದು ಹೆಸರಾಯಿತು. ಸೇಬಿನ ಅಂಗಡಿಯೆಂದು ತಿಳಿಯಬೇಡಿರಿ! ಅಪಲಾಚಿಯ ಎಂಬ ಸೀಮೆಯ ಹೆಸರನ್ನೂ ಕಾರ್ಯಾಗಾರ ಎಂಬರ್ಥದ ವರ್ಕ್‌ಶಾಪ್ ಪದವನ್ನೂ ಬೆಸೆದು ಇಟ್ಟ ಹೆಸರದು. ಗಣಿ ಕಾರ್ಮಿಕರ ಮಕ್ಕಳು ತಮ್ಮ ಊರಿನ ಸೂಲಗಿತ್ತಿ, ಹಾಡುಗಾರ, ಕುರ್ಚಿ ಮಾಡುವ ಬಡಗಿ, ಗಣಿಗೆ ಇಳಿಯುವ ಚಿಕ್ಕಪ್ಪ ಇವರ ಮೇಲೆ ಕ್ಯಾಮೆರಾ ತಿರುಗಿಸಿದರು. ತಮ್ಮ ಕಥೆಯನ್ನು ತಾವೇ ಹೇಳತೊಡಗಿದರು.

1975ರಲ್ಲಿ ವೆಂಡಿ ಈವಾಲ್ಡ್ ಎಂಬ ತರುಣಿ ಲೆಚರ್ ಕೌಂಟಿಗೆ ಬಂದರು. ಅವರೂ ಹೊರಗಿನವರೇ, ಡೆಟ್ರಾಯಿಟ್ ನಗರದಲ್ಲಿ 1951ರಲ್ಲಿ ಹುಟ್ಟಿದವರು. ಹದಿನೆಂಟರ ಹರೆಯದಲ್ಲಿ, 1969ರಲ್ಲಿ, ಕೆನಡಾದ ಲ್ಯಾಬ್ರಡಾರ್ ಪ್ರದೇಶದ ಮೂಲನಿವಾಸಿಗಳ ವಸತಿಯಲ್ಲಿ ಮಕ್ಕಳಿಗೆ ಪೋಲರಾಯ್ಡ್ ಕ್ಯಾಮೆರಾ ಕೊಟ್ಟು ಚಿತ್ರ ತೆಗೆಸಿದ್ದರು. ತಾವೂ ಅದೇ ಊರಿನ ಚಿತ್ರಗಳನ್ನು ತೆಗೆದಿದ್ದರು. ಎರಡನ್ನೂ ಹೋಲಿಸಿ ನೋಡಿದಾಗ, ಮಕ್ಕಳ ಚಿತ್ರಗಳಲ್ಲಿ ತಮ್ಮವುಗಳಲ್ಲಿಲ್ಲದ ಆಳವೂ ಕಳವಳವೂ ಇರುವುದನ್ನು ಕಂಡರು. ಅಂದಿನಿಂದ ಅವರ ಬದುಕಿನ ಕಾಯಕ ನಿಶ್ಚಿತವಾಯಿತು.

ಲೆಚರ್ ಕೌಂಟಿಯ ಕಣಿವೆಗಳ ಸಣ್ಣ ಶಾಲೆಗಳಲ್ಲಿ 1982ರವರೆಗೆ ಅವರು ಪಾಠ ಮಾಡಿದರು. ಅವರ ಕ್ರಮವನ್ನು ತಾಯಿತಂದೆಗಳು ಸ್ವಲ್ಪ ನಿಧಾನವಾಗಿ ಗಮನಿಸಬೇಕು. ಮೊದಲನೆಯದಾಗಿ, ಅವರು ಕ್ಯಾಮೆರಾವನ್ನು ದಾನವಾಗಿ ಕೊಡಲಿಲ್ಲ. ಇನ್‌ಸ್ಟಮ್ಯಾಟಿಕ್ ಎಂಬ ಸರಳ ಕ್ಯಾಮೆರಾವನ್ನು 10 ಡಾಲರಿಗೆ ಮಕ್ಕಳಿಗೇ ಮಾರಿದರು. ಹಣವಿಲ್ಲದ ಮಕ್ಕಳು ಸಣ್ಣಪುಟ್ಟ ಕೆಲಸ ಮಾಡಿ ಗಳಿಸಿಕೊಂಡರು. ಹಾಗಾಗಿ ಕ್ಯಾಮೆರಾ ಆ ಮಗುವಿನ ಸ್ವಂತ ದುಡಿಮೆಯ ವಸ್ತುವಾಯಿತು. ಎರಡನೆಯದಾಗಿ, ಆ ಕ್ಯಾಮೆರಾದ ಒಂದು ಫಿಲ್ಮಿನಲ್ಲಿ ಬರುತ್ತಿದ್ದುದು 12 ಅಥವಾ 20 ಚಿತ್ರಗಳು ಮಾತ್ರ. ಆದುದರಿಂದ ಗುಂಡಿ ಒತ್ತುವ ಮೊದಲು ಮಗು ನಿಂತು ನೋಡಬೇಕಿತ್ತು, ಯೋಚಿಸಬೇಕಿತ್ತು. ಮೂರನೆಯದಾಗಿ, ಮಕ್ಕಳು ತಾವೇ ಕತ್ತಲ ಕೋಣೆಯಲ್ಲಿ ಫಿಲ್ಮನ್ನು ತೊಳೆದು, ಚಿತ್ರ ಮುದ್ರಿಸುವುದನ್ನು ಕಲಿತರು. ಕೆಂಪು ದೀಪದ ಮಂದ ಬೆಳಕಿನಲ್ಲಿ, ದ್ರಾವಣದ ತಟ್ಟೆಯಲ್ಲಿಟ್ಟ ಬಿಳಿಯ ಕಾಗದದ ಮೇಲೆ ತನ್ನ ಅಜ್ಜಿಯ ಮುಖ ಮೆಲ್ಲಮೆಲ್ಲನೆ ಮೂಡಿಬರುವುದನ್ನು ಕಂಡ ಮಗುವಿನ ಬೆರಗನ್ನು ನೀವೇ ಊಹಿಸಿಕೊಳ್ಳಿರಿ.

ಪಾಠದ ವಿಷಯಗಳೂ ಕ್ರಮವಾಗಿದ್ದವು. ಮೊದಲು ತನ್ನ ಚಿತ್ರವನ್ನು ತಾನೇ ತೆಗೆಯುವುದು. ಬಳಿಕ ತನ್ನ ಕುಟುಂಬ, ಸಾಕಿದ ಪ್ರಾಣಿಗಳು, ಊರು. ಕೊನೆಗೆ ತನ್ನ ಕನಸು. ಚಿತ್ರದ ಜೊತೆಗೆ ಅದರ ಬಗ್ಗೆ ಮಾತನಾಡಬೇಕು, ಬರೆಯಬೇಕು. ಗಣಿಯನ್ನೋ ಬಡತನವನ್ನೋ ತೆಗೆದುಕೊಂಡು ಬನ್ನಿ ಎಂದು ಆ ಗುರು ಹೇಳಲಿಲ್ಲ. ನಿನ್ನ ಮನೆಯಿಂದ ಆರಂಭಿಸು ಎಂದರು. ಮನೆಯಿಂದ ಆರಂಭಿಸಿದ ಮಕ್ಕಳಿಗೆ ಉಳಿದುದೆಲ್ಲವೂ ಮನೆಯ ಅಂಗಳದಲ್ಲಿಯೇ ಕಂಡಿತು.

ಮಕ್ಕಳು ಕಂಡದ್ದು

ಆ ಚಿತ್ರಗಳು ಮಕ್ಕಳ ಮಾತುಗಳೊಡನೆ 1985ರಲ್ಲಿ ಪುಸ್ತಕವಾಗಿ ಪ್ರಕಟವಾದವು. 'ಭಾವಚಿತ್ರಗಳು ಮತ್ತು ಕನಸುಗಳು' ಎಂದು ಅದರ ಹೆಸರನ್ನು ಕನ್ನಡಿಸಬಹುದು. ಪ್ರತಿ ಚಿತ್ರವೂ ಅದನ್ನು ತೆಗೆದ ಮಗುವಿನ ಹೆಸರಿನಲ್ಲಿಯೇ ಇದೆ. ಒಂದು ಚಿತ್ರದಲ್ಲಿ ಹುಡುಗನೊಬ್ಬ ತನ್ನ ದೊಡ್ಡಣ್ಣನ ಭಾವಚಿತ್ರವನ್ನು ಜೊತೆಗಿಟ್ಟುಕೊಂಡು ತನ್ನ ಚಿತ್ರ ತೆಗೆದುಕೊಂಡಿದ್ದಾನೆ. ಆ ಅಣ್ಣ ವಿಯೆಟ್ನಾಂ ಯುದ್ಧದಿಂದ ಮರಳಿದ ಮೇಲೆ ಆತ್ಮಹತ್ಯೆ ಮಾಡಿಕೊಂಡವನು. ಮತ್ತೊಬ್ಬ ಹುಡುಗ, ತನ್ನ ಆಪ್ತ ಗೆಳೆಯನನ್ನು ತಾನೇ ಕೊಂದಂತೆ ಕಂಡ ದುಃಸ್ವಪ್ನವನ್ನು, ಆ ಗೆಳೆಯನನ್ನೇ ಮರದ ಕವಲಿನಲ್ಲಿ ಮಲಗಿಸಿ ಚಿತ್ರವಾಗಿಸಿದ್ದಾನೆ. ಹುಡುಗಿಯೊಬ್ಬಳು ಪ್ರಸಿದ್ಧ ಗಾಯಕಿಯಂತೆ ವೇಷ ತೊಟ್ಟು ನಿಂತಿದ್ದಾಳೆ. ಅಜ್ಜ ಅಜ್ಜಿಯರು ಬಂದಿದ್ದಾರೆ. ಸಾಕಿದ ಪ್ರಾಣಿಗಳು ಬಂದಿವೆ.

ಇದೇ ಕಣಿವೆಗಳ ಬಗ್ಗೆ ಹೊರಗಿನವರು ತೆಗೆದ ಚಿತ್ರಗಳಲ್ಲಿ ಜನ ಒಂದೋ ಕರುಣೆಗೆ ಪಾತ್ರರು, ಇಲ್ಲವೇ ಹಾಸ್ಯಕ್ಕೆ ಪಾತ್ರರು. ಮಕ್ಕಳ ಚಿತ್ರಗಳಲ್ಲಿ ಅವರು ಅಪ್ಪ, ಅಜ್ಜಿ, ಗೆಳೆಯ. ದುಃಖವನ್ನು ಮಕ್ಕಳು ಮರೆಮಾಚಿಲ್ಲ ಎಂಬುದನ್ನೂ ಗಮನಿಸಬೇಕು. ಈವಾಲ್ಡ್ ಅಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿಯೇ, 1976ರ ಮಾರ್ಚ್ 9 ಮತ್ತು 11ರಂದು, ಅದೇ ಕೌಂಟಿಯ ಸ್ಕೋಶಿಯ ಗಣಿಯಲ್ಲಿ ಮೀಥೇನ್ ಅನಿಲ ಸ್ಫೋಟಿಸಿ ಒಟ್ಟು 26 ಜನ ಮಡಿದರು. ಎರಡನೆಯ ಸ್ಫೋಟಕ್ಕೆ ಬಲಿಯಾದವರಲ್ಲಿ ತನಿಖೆಗೆ ಬಂದ ಸರಕಾರಿ ಅಧಿಕಾರಿಗಳೂ ಇದ್ದರು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದ ತಂದೆ ಸಂಜೆಗೆ ಬರುವನೋ ಇಲ್ಲವೋ ಎಂಬ ಅಳುಕು ಅಂತಹ ಸೀಮೆಯಲ್ಲಿ ಬೆಳೆಯುವ ಮಗುವಿನ ಒಳಗೇ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳಲು ಎಳೆಯರಿಗೆ ಮಾತು ಸಾಲದು. ಕನಸಿನ ಚಿತ್ರ ತೆಗೆ ಎಂದಾಗ ಒಳಗಿನ ಭಯಕ್ಕೆ ಹೊರಬರಲು ಒಂದು ಬಾಗಿಲು ದೊರೆಯುತ್ತದೆ. ಚಿತ್ರ ಕೈಗೆ ಬಂದ ಮೇಲೆ ಅದನ್ನು ಮೇಜಿನ ಮೇಲಿಟ್ಟು ನೋಡಬಹುದು, ಗೆಳೆಯರಿಗೆ ತೋರಿಸಬಹುದು, ಅದರ ಬಗ್ಗೆ ಮಾತನಾಡಬಹುದು.

ಈವಾಲ್ಡ್ ಇದೇ ವಿದ್ಯೆಯನ್ನು ಅನ್ಯ ದೇಶಗಳಿಗೂ ಒಯ್ದರು. ಕೊಲಂಬಿಯ, ಮೆಕ್ಸಿಕೊ, ದಕ್ಷಿಣ ಆಫ್ರಿಕಗಳಲ್ಲದೆ ನಮ್ಮ ಗುಜರಾತಿನ ವಿಚ್ಯಾ ಎಂಬ ಹಳ್ಳಿಗೂ 1989ರಲ್ಲಿ ಬಂದು, ಬೇರೆ ಬೇರೆ ಜಾತಿಗಳ ಮಕ್ಕಳಿಗೆ ಕಲಿಸಿದರು. 1992ರಲ್ಲಿ ಅವರಿಗೆ ಮೆಕಾರ್ಥರ್ ಫೆಲೊಶಿಪ್ ಗೌರವ ದೊರೆಯಿತು.

ಚಿತ್ರದಿಂದ ಅಧಿಕಾರಿಯ ಮೇಜಿಗೆ

ಚಿತ್ರ ತೆಗೆದು ಮನಸ್ಸು ಹಗುರವಾದರೆ ಸಾಕೇ, ಕೆಟ್ಟ ಬಾವಿಯ ನೀರು ಸರಿಹೋದೀತೇ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಸರಿ. ಇದಕ್ಕೆ ಉತ್ತರ ಹುಡುಕಿದವರಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಪ್ರಮುಖರು. 1990ರ ದಶಕದ ಆರಂಭದಲ್ಲಿ ಇವರು ಚೀನದ ಯುನ್ನಾನ್ ಪ್ರಾಂತದ 62 ಮಂದಿ ಹಳ್ಳಿಯ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟರು. ಹೆಂಗಸರು ತಮ್ಮ ದಿನನಿತ್ಯದ ಕಷ್ಟಗಳ ಚಿತ್ರ ತೆಗೆದರು, ಗುಂಪಾಗಿ ಕುಳಿತು ಚರ್ಚಿಸಿದರು, ಅಧಿಕಾರಿಗಳ ಮುಂದೆ ಪ್ರದರ್ಶಿಸಿದರು. ತಾಯಂದಿರು ಹೊಲದಲ್ಲಿ ದುಡಿಯುವಾಗ ಎಳೆಯ ಕೂಸುಗಳನ್ನು ನೋಡಿಕೊಳ್ಳುವವರಿಲ್ಲ ಎಂಬುದು ಚಿತ್ರಗಳಿಂದ ಮನವರಿಕೆಯಾಗಿ, ಶಿಶುಪಾಲನೆಯ ವ್ಯವಸ್ಥೆಗೆ ಅದು ನೆರವಾಯಿತು. ಈ ವಿಧಾನಕ್ಕೆ 'ಫೋಟೋವಾಯ್ಸ್', ಎಂದರೆ ಚಿತ್ರದ ದನಿ, ಎಂಬ ಹೆಸರು ಬಂದಿತು. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪ, ಸುನಾಮಿ, ಅಣುಸ್ಥಾವರದ ಅವಘಡ ಮೂರೂ ಒಟ್ಟಿಗೆ ಎರಗಿದ ಮೇಲೆ ಅಲ್ಲಿನ ಸ್ತ್ರೀಯರೂ ಇದೇ ವಿಧಾನದಿಂದ ತಮ್ಮ ಅನುಭವವನ್ನು ದಾಖಲಿಸಿದರು.

ಈ ವಿಧಾನದಲ್ಲಿ ಕ್ಯಾಮೆರಾಕ್ಕಿಂತ ಮುಖ್ಯವಾದುದು ಚಿತ್ರದ ಸುತ್ತ ಕುಳಿತು ನಡೆಸುವ ಮಾತುಕತೆ. ಇಲ್ಲಿ ಕಾಣುವುದೇನು, ನಿಜವಾಗಿ ಆಗುತ್ತಿರುವುದೇನು, ಇದು ನಮ್ಮ ಬದುಕಿಗೆ ಹೇಗೆ ತಾಗುತ್ತದೆ, ಏಕೆ ಹೀಗಾಯಿತು, ನಾವು ಏನು ಮಾಡಬಹುದು ಎಂದು ಒಂದೊಂದಾಗಿ ಕೇಳಿಕೊಳ್ಳುತ್ತ ಹೋಗುತ್ತಾರೆ. ಮತ್ತೊಬ್ಬರ ಚಿತ್ರ ತೆಗೆಯುವ ಮೊದಲು ಅವರ ಒಪ್ಪಿಗೆ ಪಡೆಯುವುದು ಕಡ್ಡಾಯ.

ನೆರೆ ಬಂದ ರಾತ್ರಿ

ಲೆಚರ್ ಕೌಂಟಿಗೆ ಮರಳೋಣ. ಬೆಟ್ಟಸೀಮೆಯ ಸಂಕಟ ಕಾನೂನಿನಿಂದ ಮುಗಿಯಲಿಲ್ಲ. 2000ದ ಅಕ್ಟೋಬರ್ 11ರಂದು ಪೂರ್ವ ಕೆಂಟಕಿಯ ಮಾರ್ಟಿನ್ ಕೌಂಟಿಯಲ್ಲಿ ಕಲ್ಲಿದ್ದಲ ಕೆಸರಿನ ಜಲಾಶಯದ ತಳ ಕುಸಿದು, 30 ಕೋಟಿಗೂ ಹೆಚ್ಚು ಗ್ಯಾಲನ್ ಕರಿಯ ಕೆಸರು ಹಳ್ಳಗಳಿಗೆ ನುಗ್ಗಿತು. 1964ರಲ್ಲಿ ಅಧ್ಯಕ್ಷ ಜಾನ್ಸನ್ ಬಂದು ಹೋದದ್ದೂ ಇದೇ ಮಾರ್ಟಿನ್ ಕೌಂಟಿಗೆ. ಬಡತನ ಹೋಗಲಾಡಿಸುವ ವಾಗ್ದಾನ ಕೇಳಿದ ಊರಿನ ಮಕ್ಕಳು, ಮೊಮ್ಮಕ್ಕಳು ಹಳ್ಳದಲ್ಲಿ ಮೀನು ಸತ್ತು ತೇಲುವುದನ್ನು ನೋಡುವಂತಾಯಿತು.

ಈ ನಡುವೆ ಅಪಲ್‌ಶಾಪ್ 1988ರಲ್ಲಿ ತರುಣರಿಗಾಗಿಯೇ ಪ್ರತ್ಯೇಕ ಶಿಕ್ಷಣ ವಿಭಾಗವನ್ನು ತೆರೆದು, ಹೊಸ ತಲೆಮಾರಿನ ಹುಡುಗ ಹುಡುಗಿಯರಿಗೆ ತಮ್ಮ ಊರನ್ನು ಚಿತ್ರಿಸುವುದನ್ನು ಕಲಿಸುತ್ತ ಬಂದಿತು. ಐವತ್ತು ವರ್ಷಗಳ ಚಲನಚಿತ್ರ, ಧ್ವನಿಮುದ್ರಿಕೆ, ಛಾಯಾಚಿತ್ರಗಳು ಅದರ ಭಂಡಾರದಲ್ಲಿ ಸೇರಿದ್ದವು.

2022ರ ಜುಲೈ ಕೊನೆಯ ವಾರದಲ್ಲಿ ಪೂರ್ವ ಕೆಂಟಕಿಯ ಮೇಲೆ ಮಳೆ ಎಡೆಬಿಡದೆ ಸುರಿಯಿತು. ವೈಟ್ಸ್‌ಬರ್ಗ್ ಬಳಿ ನದಿಯ ಮಟ್ಟ 20 ಅಡಿಯನ್ನೂ ಮೀರಿ ಏರಿತು. ಅದುವರೆಗಿನ ದಾಖಲೆ 1957ರ ನೆರೆಯದು. ಅದು 15 ಅಡಿಯನ್ನೂ ಮುಟ್ಟಿರಲಿಲ್ಲ. ಈ ನೆರೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಅಪಲ್‌ಶಾಪ್‌ನ ಕಟ್ಟಡದೊಳಗೆ ಕೆಸರು ನೀರು ನುಗ್ಗಿ, ಭಂಡಾರದ ಫಿಲ್ಮುಗಳು, ಟೇಪುಗಳು, ಚಿತ್ರಗಳು ಮುಳುಗಿದವು.

ಆ ಬಳಿಕ ನಡೆದುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸಂಸ್ಥೆಯ ಸಿಬ್ಬಂದಿ, ಸ್ವಯಂಸೇವಕರು ಕೆಸರಿನಲ್ಲಿ ನಿಂತು ಒಂದೊಂದೇ ಸುರುಳಿ, ಒಂದೊಂದೇ ಚಿತ್ರವನ್ನು ಎತ್ತಿ, ತೊಳೆದು, ಹರವಿ ಒಣಗಿಸಿದರು. ಕೆಡದಂತೆ ಕೆಲವನ್ನು ಶೈತ್ಯದಲ್ಲಿರಿಸಿ ತಜ್ಞರಿಗೆ ಕಳುಹಿಸಿದರು. ಎಲ್ಲವೂ ಉಳಿಯಲಿಲ್ಲ. ಆದರೆ ಬಹಳಷ್ಟು ಉಳಿಯಿತು. ಮನೆಮಠಗಳೇ ತೇಲಿಹೋದ ಹೊತ್ತಿನಲ್ಲಿ ಹಳೆಯ ಚಿತ್ರಗಳಿಗೆ ಇಷ್ಟು ಶ್ರಮವೇ ಎಂದು ಅನ್ನಿಸಬಹುದು. ನೆರೆ ಕಂಡ ನಮ್ಮ ಉತ್ತರ ಕರ್ನಾಟಕದ ಕುಟುಂಬಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಕಾಳಿನ ಚೀಲ ಮತ್ತೆ ತಂದುಕೊಳ್ಳಬಹುದು. ತೀರಿಕೊಂಡ ತಾಯಿಯ ಒಂದೇ ಒಂದು ಫೋಟೋ ನೀರಿನಲ್ಲಿ ಕರಗಿದರೆ ಅದನ್ನು ಎಲ್ಲಿಂದ ತರುವುದು?

ಈವಾಲ್ಡ್ ಅವರ ಅಂದಿನ ಶಿಷ್ಯರು ಏನಾದರು ಎಂಬ ಕುತೂಹಲ ಸಹಜ. ಈವಾಲ್ಡ್ ಮತ್ತು ಎಲಿಜಬೆತ್ ಬ್ಯಾರೆಟ್ ಸೇರಿ ಅವರನ್ನು ಮತ್ತೆ ಹುಡುಕಿಕೊಂಡು ಹೋಗಿ ನಿರ್ಮಿಸಿದ ಸಾಕ್ಷ್ಯಚಿತ್ರ 2020ರಲ್ಲಿ ಬಂದಿತು. ಅಂದಿನ ಮಕ್ಕಳು ನಡುವಯಸ್ಸು ದಾಟಿದ್ದರು. ಎಲ್ಲರೂ ಛಾಯಾಗ್ರಾಹಕರಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಬದುಕು ಅವರಿಗೆ ಸುಖವನ್ನೂ ಕೊಟ್ಟಿತ್ತು, ಪೆಟ್ಟನ್ನೂ ಕೊಟ್ಟಿತ್ತು. ಆದರೆ ಬಾಲ್ಯದಲ್ಲಿ ತಾವೇ ತೆಗೆದ ಚಿತ್ರಗಳ ಮುಂದೆ ಕುಳಿತು ತಮ್ಮ ಮನೆಯವರನ್ನು, ತಮ್ಮ ಊರನ್ನು ಕುರಿತು ಮಾತನಾಡಲು ಅವರಿಗೆ ಒಂದು ಆಧಾರವಿತ್ತು.

ನಮ್ಮ ಮನೆಗಳಲ್ಲಿ

ಇಂದು ಕ್ಯಾಮೆರಾ ಕೊಳ್ಳಲು ಯಾರೂ ದುಡಿಯಬೇಕಿಲ್ಲ. ಪ್ರತಿ ಮನೆಯ ಮೊಬೈಲಿನಲ್ಲಿಯೂ ಅದು ಉಂಟು. ಒಂದು ಫಿಲ್ಮಿಗೆ 12 ಚಿತ್ರ ಎಂಬ ಕಟ್ಟೂ ಇಲ್ಲ. ಆದುದರಿಂದಲೇ ನಿಂತು ನೋಡುವ ಅಭ್ಯಾಸ ತಪ್ಪಿಹೋಗಿದೆ. ಆ ಕಟ್ಟನ್ನು ನಾವೇ ಹಾಕಿಕೊಡಬಹುದು. ವಾರಕ್ಕೆ 12 ಚಿತ್ರ ಸಾಕು, ಆದರೆ ಪ್ರತಿಯೊಂದನ್ನೂ ಏಕೆ ತೆಗೆದೆ ಎಂದು ಎರಡು ಸಾಲು ಬರೆ ಎಂದು ಮಗುವಿಗೆ ಹೇಳಿರಿ. ಚಿತ್ರದಲ್ಲಿರುವವರ ಹೆಸರು, ಊರು, ದಿನಾಂಕಗಳನ್ನು ಬರೆಯಿಸಿರಿ. ಯಾರದೇ ಚಿತ್ರ ತೆಗೆಯುವ ಮೊದಲು ಕೇಳಬೇಕು, ತೆಗೆದ ಮೇಲೆ ಅವರಿಗೆ ತೋರಿಸಬೇಕು, ಬೇಡವೆಂದರೆ ಅಳಿಸಬೇಕು ಎಂಬ ವಿನಯವನ್ನು ಕಲಿಸಿರಿ. ಅಪಘಾತದಲ್ಲಿ ಬಿದ್ದವನ, ನೆರೆಯಲ್ಲಿ ನಿಂತು ಅಳುವವಳ ಚಿತ್ರ ತೆಗೆದು ಹತ್ತು ಜನರಿಗೆ ಹಂಚುವ ಚಟ ಇಂದು ದೊಡ್ಡವರಿಗೇ ಅಂಟಿದೆ. ಜೆರಮಾಯದ ಆ ಜಗಲಿಯನ್ನು ಒಮ್ಮೆ ನೆನಪಿಸಿಕೊಂಡರೆ ನಮ್ಮ ಬೆರಳು ತಾನಾಗಿ ತಡೆದೀತು. ತಿಂಗಳಿಗೆ ನಾಲ್ಕಾರು ಚಿತ್ರಗಳನ್ನಾದರೂ ಕಾಗದದ ಮೇಲೆ ಮುದ್ರಿಸಿ, ಒಂದು ಪ್ರತಿಯನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿಯೂ ಇಡಿರಿ. ವೈಟ್ಸ್‌ಬರ್ಗ್‌ನ ನೆರೆ ನಮಗೆ ಕಲಿಸುವ ಪಾಠವಿದು.

ಈ ಲೇಖನವನ್ನು ಬರೆಯಲು ಕುಳಿತಾಗ ಆ ತಾಯಿಗೆ ದೂರವಾಣಿ ಮಾಡಿದೆ. "ಅಜ್ಜೀ ಕಾಲು, ಗಟಾರ ಯಾಕ ತೆಗೀತಿ ಅಂತ ಅವನ್ನ ಕೇಳಿದಿಯೇನ ತಂಗಿ?" ಎಂದೆ. ಕೇಳಿರಲಿಲ್ಲ. ಮರುದಿನ ಅವರೇ ಕರೆ ಮಾಡಿದರು. ದನಿ ಬದಲಾಗಿತ್ತು. ಮಳೆ ಜೋರಾದಾಗಲೆಲ್ಲ ಬೀದಿಯ ಗಟಾರ ಉಕ್ಕಿ, ಹಿತ್ತಲ ಕಡೆಯಿರುವ ಅಜ್ಜಿಯ ಕೋಣೆಗೆ ನೀರು ಬರುತ್ತದೆ. ಅಜ್ಜಿ ಯಾರಿಗೂ ಹೇಳದೆ ತಾನೇ ಅದನ್ನು ಬಳಿದು ಹಾಕುತ್ತಾರೆ. ಆ ನೀರಿನಲ್ಲಿ ನಿಂತು ನಿಂತು ಅವರ ಪಾದದ ಬೆರಳುಗಳ ಸಂದು ಹುಣ್ಣಾಗಿದೆ. ಹುಡುಗ ನಾಲ್ಕು ಮಳೆಗಳಲ್ಲಿ ನಾಲ್ಕು ಸಲ ಗಟಾರದ ಚಿತ್ರ, ಗೋಡೆಯ ಮೇಲೆ ನೀರು ಏರಿದ ಗುರುತಿನ ಚಿತ್ರ, ಅಜ್ಜಿಯ ಪಾದದ ಚಿತ್ರ ತೆಗೆದಿಟ್ಟಿದ್ದಾನೆ. "ನಾವು ಒಂದ ಮನ್ಯಾಗ ಇದ್ದೂ ನೋಡಿರಲಿಲ್ಲರಿ ಕಾಕಾ" ಎಂದು ಆ ತಾಯಿ ಗದ್ಗದಿತರಾದರು.

ಅಜ್ಜಿಯ ಹಾಸಿಗೆ ಈಗ ಪಡಸಾಲೆಗೆ ಬಂದಿದೆ. ವೈದ್ಯರಿಗೆ ತೋರಿಸಿದ್ದಾರೆ. ಹುಡುಗ ತನ್ನ ಚಿತ್ರಗಳನ್ನು ದಿನಾಂಕ ಬರೆದು ಮುದ್ರಿಸಿಕೊಂಡು, ತಂದೆಯ ಜೊತೆ ಓಣಿಯ ಹಿರಿಯರ ಮನೆಗಳಿಗೆ ಹೋಗಿ ಅರ್ಜಿಗೆ ಸಹಿ ಮಾಡಿಸುತ್ತಿದ್ದಾನೆ. ಗಟಾರ ಎಂದು ಸರಿಹೋಗುವುದೋ ತಿಳಿಯದು. ಅದಾದ ಮೇಲೆ ಲೆಕ್ಕ, ವಿಜ್ಞಾನಗಳನ್ನೂ ಓದು ಮಗು ಎಂದು ಹೇಳಿದ್ದೇನೆ.